ಒಂದೇ ಬೇರು, ಎರಡು ಕಾಯಿಲೆ

ಕಾಸರಗೋಡಿನಿಂದ ಮೂಡುದಿಕ್ಕಿಗೆ, ಮುಳ್ಳೇರಿಯ, ಬಂದಡ್ಕ ದಾಟಿ ಘಟ್ಟದ ತಪ್ಪಲಿನ ಕಡೆಗೆ ಹೋದರೆ ನೆರಳೂ ತೇವವೂ ಇರುವ ಜಾಗದಲ್ಲಿ ಬೆಳೆಯುವ, ಮೊಣಕಾಲೆತ್ತರದ ಗಿಡವೊಂದಿದೆ. ಗೆಣ್ಣಿಗೆ ಮೂರು ನಾಲ್ಕರಂತೆ ಸುತ್ತುಗಟ್ಟಿದ ಎಲೆ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂಗೊಂಚಲು, ಹಣ್ಣಾದಾಗ ಮಿರಮಿರನೆ ಕಪ್ಪಗಾಗುವ ಪುಟ್ಟ ಕಾಯಿ. ಅಗೆದರೆ ಸೊಟ್ಟಸೊಟ್ಟಗೆ ಆಳಕ್ಕಿಳಿದ ಬೇರು, ಮಾಸಲು ಹಳದಿ ಸಿಪ್ಪೆ. ಮುರಿದ ಚೂರು ನಾಲಗೆಗೆ ತಾಗಿದರೆ ಸಾಕು, ಆ ಕಹಿ ಬಹಳ ಹೊತ್ತು ಬಿಡುವುದಿಲ್ಲ. ಸರ್ಪಗಂಧ, ಸೂತ್ರನಾಭಿ ಎಂದು ಕನ್ನಡದಲ್ಲಿ ಕರೆಯುತ್ತಾರೆ. ಮಲಯಾಳದವರಿಗೆ ಅದು ಅಮಲ್‌ಪೊರಿ.

ರಕ್ತದೊತ್ತಡವನ್ನು ಏರಿಸಿ ಇಳಿಸುವ ಹಾರ್ಮೋನುಗಳಿಗೂ, ಉನ್ಮಾದ ಮತ್ತು ಖಿನ್ನತೆಯ ನಡುವೆ ಮನುಷ್ಯನನ್ನು ತುಯ್ದಾಡಿಸುವ ಬೈಪೋಲಾರ್ ಕಾಯಿಲೆಗೂ ನಂಟಿದೆಯೇ ಎಂದು ಇವತ್ತು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹುಡುಕುತ್ತಿದ್ದಾರೆ. ಆ ಹುಡುಕಾಟದ ಜಾಡು ಹಿಡಿದು ಹಿಂದಕ್ಕೆ ನಡೆದರೆ ನಾವು ಬಂದು ನಿಲ್ಲುವುದು ಈ ಗಿಡದ ಬುಡಕ್ಕೆ.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬಿಬ್ಬರು ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹುಚ್ಚಿಗೂ ಅಧಿಕ ರಕ್ತದೊತ್ತಡಕ್ಕೂ ಹೊಸ ಭಾರತೀಯ ಔಷಧಿ ಎಂಬುದು ಅದರ ತಲೆಬರಹದ ಅರ್ಥ. ಸರ್ಪಗಂಧದ ಬೇರಿನ ಪುಡಿಯನ್ನು ದಿನಕ್ಕೆರಡು ಸಲ, ಸುಮಾರು ಒಂದೂಕಾಲರಿಂದ ಎರಡು ಗ್ರಾಮಿನಷ್ಟು ಕೊಟ್ಟಾಗ ರೋಗಿಗೆ ನಿದ್ದೆ ಹತ್ತುತ್ತದೆ, ಆರ್ಭಟ ಇಳಿಯುತ್ತದೆ, ಜೊತೆಗೆ ರಕ್ತದೊತ್ತಡವೂ ಇಳಿಯುತ್ತದೆ ಎಂದು ಅವರು ಕಂಡಿದ್ದರು. ಅದು ರಕ್ತದೊತ್ತಡ ಇಳಿಸಲು ಲೋಕದ ಯಾವ ಆಸ್ಪತ್ರೆಯಲ್ಲೂ ನೆಚ್ಚಬಹುದಾದ ಮಾತ್ರೆ ಇರದ ಕಾಲ. ಉನ್ಮಾದಕ್ಕಂತೂ ಬೀಗ, ಸರಪಳಿ, ತಣ್ಣೀರು. ಅಂಥ ಹೊತ್ತಿನಲ್ಲಿ ಇವರಿಬ್ಬರು ಎರಡು ಕಾಯಿಲೆಗಳನ್ನು ಒಂದೇ ತಲೆಬರಹದಲ್ಲಿ ಕೂರಿಸಿದರು. ನಂತರದ ವೈದ್ಯಶಾಸ್ತ್ರ ಅವುಗಳನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿಬಿಟ್ಟಿತು. ಮತ್ತೆ ಜೋಡಿಸಲು ಬಹಳ ವರ್ಷ ಹಿಡಿಯಿತು. ಸೇನ್ ಮತ್ತು ಬೋಸ್ ಹೆಸರು ನಮ್ಮ ವಿಜ್ಞಾನದ ಪಾಠಪುಸ್ತಕಗಳಲ್ಲಿ ಇರಬೇಕಿತ್ತು ಎಂದೇ ನನ್ನ ಎಣಿಕೆ.

ಬೇರಿನ ಗುಣ ಅವರಿಗೆ ಗಾಳಿಯಲ್ಲಿ ಹೊಳೆದದ್ದಲ್ಲ. ಬಿಹಾರದಲ್ಲಿ ಅದು ‘ಪಾಗಲ್ ಕೀ ದವಾ’ ಎಂದೇ ಮಾರಾಟವಾಗುತ್ತಿತ್ತು. ನಮ್ಮ ಕರಾವಳಿಯಲ್ಲಿ ಹಾವಿನ ವಿಷಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ ಅರೆದು ಕೊಡುತ್ತಿದ್ದರು. ಮಲಬಾರಿನ ಸಸ್ಯಗಳನ್ನೆಲ್ಲ ಚಿತ್ರ ಸಮೇತ ಹಾಳೆಗಿಳಿಸಿದ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥದ ಆರನೆಯ ಸಂಪುಟದಲ್ಲಿ ಈ ಗಿಡ ತನ್ನ ಮಲಯಾಳಂ ಹೆಸರಿನಲ್ಲೇ ಇದೆ. ಡಚ್ ಅಧಿಕಾರಿ ವಾನ್ ರೀಡೆ ಆ ಗ್ರಂಥಕ್ಕಾಗಿ ನೆಚ್ಚಿಕೊಂಡದ್ದು ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯನನ್ನು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರನ್ನು. ಗಿಡ ಪುಸ್ತಕ ಸೇರಿ ಎರಡೂವರೆ ಶತಮಾನ ಕಳೆದರೂ ಅದರೊಳಗೆ ಏನಿದೆ ಎಂದು ಯಾರೂ ಬಿಡಿಸಿ ನೋಡಿರಲಿಲ್ಲ.

ಬಿಡಿಸಿ ನೋಡಿದವರು ದೆಹಲಿಯಲ್ಲಿದ್ದರು. ಹಕೀಂ ಅಜ್ಮಲ್ ಖಾನರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅದೇ 1931ರಲ್ಲಿ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಮೊದಲನೆಯದಕ್ಕೆ ಆಗಲೇ ತೀರಿಕೊಂಡಿದ್ದ ಹಕೀಮರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದಲ್ಲಿ ಅಡಗಿ ಕೂತ ಬ್ರುಗಾಡಾ ಎಂಬ ದೋಷವನ್ನು ಪತ್ತೆಹಚ್ಚಲು ಇಂದಿಗೂ ಅದೇ ಅಜ್ಮಲೀನ್ ಚುಚ್ಚುತ್ತಾರೆ. ಆದರೆ ಮನಸ್ಸನ್ನೂ ಒತ್ತಡವನ್ನೂ ಒಟ್ಟಿಗೆ ಇಳಿಸುವ ಅಂಶ ಅವರ ಕೈಗೆ ಸಿಗದೆ ಬೇರಿನಲ್ಲೇ ಉಳಿಯಿತು.

ಇನ್ನು 1949. ಈ ಕತೆಯಲ್ಲಿ ಅಷ್ಟು ತಿರುವುಗಳನ್ನು ಕಂಡ ವರ್ಷ ಮತ್ತೊಂದಿಲ್ಲ.

ಮುಂಬಯಿಯ ರುಸ್ತುಂ ಜಾಲ್ ವಕೀಲ್ ಕೆ.ಇ.ಎಂ. ಆಸ್ಪತ್ರೆಯ ಹೃದಯತಜ್ಞ. ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧ ಕೊಟ್ಟು, ವಾರವಾರವೂ ಒತ್ತಡ ಅಳೆದು ಬರೆದಿಟ್ಟ ಅವರ ವರದಿ ಆ ವರ್ಷ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಅಚ್ಚಾಯಿತು. ಬೇರಿನ ಸುದ್ದಿ ಲೋಕದ ಡಾಕ್ಟರುಗಳ ಮೇಜಿಗೆ ಬಂದದ್ದು ಆವತ್ತಿನಿಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಮನೋವೈದ್ಯ ಜಾನ್ ಕೇಡ್, ಉನ್ಮಾದದ ಹತ್ತು ಮಂದಿಗೆ ಲಿಥಿಯಂ ಲವಣ ಕೊಟ್ಟಾಗ ಅವರು ಸುಧಾರಿಸಿದರೆಂದು ಪ್ರಕಟಿಸಿದರು. ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಮೊದಲ ಸಾಲಿನ ಔಷಧಿ ಅದೇ.

ಅದೇ 1949ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಏನಾಯಿತು ಎಂಬುದನ್ನು ನಮ್ಮಲ್ಲಿ ಹೆಚ್ಚು ಮಂದಿ ಕೇಳಿಲ್ಲ. ಬಿಪಿ ಮತ್ತು ಹೃದಯದ ರೋಗಿಗಳಿಗೆ ಉಪ್ಪು ಬಿಡಿಸಬೇಕಿತ್ತು. ಬಾಯಿಗೆ ರುಚಿಯೂ ಬೇಕಿತ್ತು. ಅದಕ್ಕೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡನ್ನು ಡಬ್ಬಿಯಲ್ಲಿ ಮಾರತೊಡಗಿದರು. ಜನ ಊಟದ ಮೇಲೆ ಉದುರಿಸಿಕೊಂಡರು. ಕೈ ನಡುಗಿತು, ಕಾಲು ತಡವರಿಸಿತು, ಕಣ್ಣು ಮಂಜಾಯಿತು, ಕೆಲವರು ಸತ್ತೇಹೋದರು. ಸರಕಾರ ಅದನ್ನು ಅಂಗಡಿಗಳಿಂದ ಎತ್ತಿಸಿತು. ದೇಹದಲ್ಲಿ ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡ ಒಂದೊಂದು ಕಣವನ್ನೂ ಹೊರಬಿಡದೆ ಒಳಕ್ಕೆ ಎಳೆದುಕೊಳ್ಳುತ್ತದೆ, ಸೋಡಿಯಮ್ಮಿನ ಜೊತೆಗೆ ಲಿಥಿಯಮ್ಮನ್ನೂ. ಉಪ್ಪು ಬಿಟ್ಟವರಿಗೇ ಲಿಥಿಯಂ ತಿನ್ನಿಸಿದ್ದೇ ಪ್ರಮಾದ. ಒಂದೇ ವಸ್ತು ಒಂದೇ ವರ್ಷ ಒಂದು ಖಂಡದಲ್ಲಿ ಬಿಪಿಯವರ ಪ್ರಾಣ ತೆಗೆಯಿತು, ಇನ್ನೊಂದು ಖಂಡದಲ್ಲಿ ಉನ್ಮಾದದವರನ್ನು ಮನೆಗೆ ಮರಳಿಸಿತು. ಉಪ್ಪು, ಮೂತ್ರಪಿಂಡ, ಮನಸ್ಸು ಮೂರೂ ಅಲ್ಲಿ ಎದುರೆದುರೇ ನಿಂತಿದ್ದವು. ಮೂರನ್ನೂ ಒಟ್ಟಿಗೆ ನೋಡುವ ಕಣ್ಣು ಆಗ ಯಾರಿಗೂ ಇರಲಿಲ್ಲ.

ವಕೀಲರ ಲೇಖನ ಓದಿದ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಭಾರತದಿಂದ ಸರ್ಪಗಂಧ ತರಿಸಿಕೊಂಡರು. ಒತ್ತಡ ಇಳಿಯಿತು. ಅದಕ್ಕಿಂತ ಹೆಚ್ಚಾಗಿ ರೋಗಿಗಳು ನಿರಾಳವಾಗಿದ್ದರು; ಚಿಂತೆ ಮಾಡುತ್ತಿದ್ದವರು ಚಿಂತೆ ಬಿಟ್ಟಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು 1952ರಲ್ಲಿ ಬೇರಿನ ತಿರುಳನ್ನು ಹಿಡಿದರು. ಅದೇ ರೆಸರ್ಪೀನ್. ಇದರ ಬೆನ್ನಿಗೇ ಅಹಮದಾಬಾದಿನ ಡಾ. ಹಕೀಂ ಮನೋರೋಗಿಗಳಿಗೆ ಇದೇ ಬೇರು ಕೊಟ್ಟ ವರದಿಯೊಂದನ್ನು 1953ರಲ್ಲಿ ಮಂಡಿಸಿದರು. ಅದರ ಸುದ್ದಿಯನ್ನು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಓದಿದ ನೇಥನ್ ಕ್ಲೈನ್, ತಾವಿದ್ದ ರಾಕ್‌ಲ್ಯಾಂಡ್ ಸರಕಾರಿ ಮನೋರೋಗ ಆಸ್ಪತ್ರೆಯಲ್ಲಿ ಪ್ರಯೋಗಕ್ಕಿಳಿದರು. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಘೋಷಣೆಯಾದಾಗ ಪಟ್ಟಿಯಲ್ಲಿ ವಕೀಲರೂ ಇದ್ದರು, ಕ್ಲೈನರೂ ಇದ್ದರು: ಒಬ್ಬರು ರಕ್ತದೊತ್ತಡಕ್ಕೆ, ಇನ್ನೊಬ್ಬರು ಮನಸ್ಸಿನ ಕಾಯಿಲೆಗೆ, ಅದೂ ಒಂದೇ ಬೇರಿನ ಕೆಲಸಕ್ಕೆ.

ಇಷ್ಟರಲ್ಲಿ ಇನ್ನೊಂದು ಮುಖ ಕಾಣತೊಡಗಿತ್ತು. 1954ರಲ್ಲಿ ಎಡ್ವರ್ಡ್ ಫ್ರೈಸ್ ಎಂಬ ಅಮೆರಿಕದ ವೈದ್ಯರು ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ರೆಸರ್ಪೀನ್ ತೆಗೆದುಕೊಂಡ ಕೆಲವು ಬಿಪಿ ರೋಗಿಗಳು ಖಿನ್ನತೆಗೆ ಜಾರಿದ್ದನ್ನು ಬರೆದರು. ಬೇರು ಉನ್ಮಾದವನ್ನು ಇಳಿಸುವುದಷ್ಟೇ ಅಲ್ಲ, ಇಳಿದದ್ದು ಬೇಕಾದ ಕಡೆ ನಿಲ್ಲದೆ ಇನ್ನೂ ಕೆಳಕ್ಕೆ ಹೋಗಬಹುದು! ಒತ್ತಡ ಅಳೆಯುವ ಡಾಕ್ಟರು ರೋಗಿಯ ಮುಖವನ್ನೂ ನೋಡಿದರು, ನಿದ್ದೆ ಹೇಗೆ, ಮನಸ್ಸು ಹೇಗೆ ಎಂದು ಕೇಳಿದರು. ಕೇಳಿದ್ದರಿಂದಲೇ ಇದು ಗೊತ್ತಾಯಿತು. ಈ ಆವಿಷ್ಕಾರದ ಉದ್ದಕ್ಕೂ ನನಗೆ ಕಾಣುವುದು ಅದೇ: ನಂಟನ್ನು ಹುಡುಕಿಕೊಂಡು ಹೋದವರಿಗೆ ಅದು ಸಿಕ್ಕಿದ್ದು ಕಡಿಮೆ, ಬೇರೆ ಕಾಯಿಲೆಗೆ ಚಿಕಿತ್ಸೆ ಕೊಡುತ್ತ, ರೋಗಿಯ ಮಾತಿಗೆ ಕಿವಿಗೊಟ್ಟವರಿಗೇ ಸಿಕ್ಕಿದೆ.

ಫ್ರೈಸ್ ಔಷಧಿಯನ್ನು ಎಸೆಯಲಿಲ್ಲ ಎಂಬುದನ್ನೂ ಹೇಳಬೇಕು. ಪ್ರಮಾಣ ತಗ್ಗಿಸಿ, ಬೇರೆ ಮಾತ್ರೆಗಳ ಜೊತೆ ಸೇರಿಸಿ ಅವರು ನಡೆಸಿದ, 1967ರಲ್ಲಿ ಪ್ರಕಟವಾದ ಪರೀಕ್ಷೆಯೇ ಬಿಪಿಗೆ ಚಿಕಿತ್ಸೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು ಮೊದಲ ಬಾರಿಗೆ ನಿಸ್ಸಂಶಯವಾಗಿ ತೋರಿಸಿತು. ನಮ್ಮ ಅಜ್ಜ ಅಜ್ಜಿಯರ ತಲೆಮಾರಿನವರು ಅಡೆಲ್ಫೇನ್ ಎಂಬ ಮಾತ್ರೆಯನ್ನು ಮರೆತಿರಲಾರರು. ಕಾಫಿಯ ಜೊತೆ ನುಂಗುತ್ತಿದ್ದ ಆ ಪುಟ್ಟ ಬಿಪಿ ಮಾತ್ರೆಯೊಳಗೆ ಇದ್ದದ್ದು ಇದೇ ರೆಸರ್ಪೀನ್, ಒಂದು ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲು.

ಒಳಗೆ ನಡೆಯುವುದಾದರೂ ಏನು? ಒತ್ತಡ ಏರಿಸುವ ಹಾರ್ಮೋನುಗಳಲ್ಲಿ ನಾರ್ ಅಡ್ರಿನಲಿನ್ ಮುಖ್ಯವಾದದ್ದು. ನರದ ತುದಿಗಳಲ್ಲಿ ಅದು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ರೆಸರ್ಪೀನ್ ಬಂದು ಆ ಚೀಲಗಳಿಗೆ ತುಂಬುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಗೋಡೌನಿನ ಬಾಗಿಲು ಹಾಕಿ, ಒಣ ಅಡಿಕೆಯನ್ನು ಮಳೆಗಾಲದ ಅಂಗಳದಲ್ಲೇ ಬಿಟ್ಟರೆ ಏನಾಗುತ್ತದೋ ಅದೇ ಆಗುತ್ತದೆ: ಹೊರಗುಳಿದ ನಾರ್ ಅಡ್ರಿನಲಿನ್ ಅಲ್ಲಲ್ಲೇ ಹಾಳಾಗುತ್ತದೆ. ರಕ್ತನಾಳದ ನರಗಳಲ್ಲಿ ಸರಕು ಬರಿದಾದರೆ ನಾಳ ಸಡಿಲಿ ಒತ್ತಡ ಇಳಿಯುತ್ತದೆ. ಮಿದುಳಿನ ನರಗಳಲ್ಲಿ ಬರಿದಾದರೆ ಮನಸ್ಸು ಇಳಿಯಬಹುದು. ಚೀಲವೂ ಅದೇ, ಹಾರ್ಮೋನೂ ಅದೇ.

1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್ಸನ್ ಮೊಲಗಳಿಗೆ ರೆಸರ್ಪೀನ್ ಕೊಟ್ಟರು. ಕಿವಿ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, ಮುಟ್ಟಿದರೂ ಅಲುಗದೆ ಅವು ಬಿದ್ದುಕೊಂಡವು. ನಂತರ, ಮಿದುಳು ಇಂಥ ರಾಸಾಯನಿಕಗಳನ್ನು ತಯಾರಿಸಿಕೊಳ್ಳುವ ಕಚ್ಚಾವಸ್ತುವಾದ ಎಲ್-ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಎದ್ದು ನಿಂತು ಓಡಾಡತೊಡಗಿದವು. ಮಿದುಳಿನ ರಾಸಾಯನಿಕ ಒಂದು ಬರಿದಾದರೆ ಜೀವ ಮಂಕಾಗುತ್ತದೆ, ತುಂಬಿಕೊಟ್ಟರೆ ಚೇತರಿಸುತ್ತದೆ ಎಂದು ಕಣ್ಣೆದುರೇ ಕಂಡಂತಾಯಿತು. ಆ ಕೆಲಸದ ದಾರಿಯಲ್ಲೇ ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಸಿಕ್ಕಿತು. 2000ದಲ್ಲಿ ಕಾರ್ಲ್ಸನ್‌ಗೆ ನೊಬೆಲ್ ಬಂತು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ಇದನ್ನೆಲ್ಲ ಪೋಣಿಸಿ, ನಾರ್ ಅಡ್ರಿನಲಿನ್ ಕಡಿಮೆಯಾದರೆ ಖಿನ್ನತೆ, ಹೆಚ್ಚಾದರೆ ಉನ್ಮಾದ ಎಂಬ ಸಿದ್ಧಾಂತ ಮುಂದಿಟ್ಟರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ವಿಲಿಯಂ ಬನ್ನಿ ಮತ್ತು ಸಂಗಡಿಗರು ಖಿನ್ನತೆಯಿಂದ ಉನ್ಮಾದಕ್ಕೆ ಹೊರಳುವ ರೋಗಿಗಳ ಮೂತ್ರವನ್ನು ಪರೀಕ್ಷಿಸಿ, ಉನ್ಮಾದ ಏರಿದಾಗ ನಾರ್ ಅಡ್ರಿನಲಿನ್ನೂ ಏರುವುದನ್ನು ದಾಖಲಿಸಿದರು.

ಸಿದ್ಧಾಂತ ಚೆಂದವಾಗಿತ್ತು, ತೀರಾ ಚೆಂದವಾಗಿತ್ತು. 1955ರಷ್ಟು ಹಿಂದೆಯೇ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಆತಂಕ, ಖಿನ್ನತೆಯವರಿಗೆ ರೆಸರ್ಪೀನ್ ಕೊಟ್ಟು ಒಳಿತಾದದ್ದನ್ನು ತೋರಿಸಿದ್ದರು. ಅದು ಮೂಲೆ ಸೇರಿತ್ತು. 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆಹಾಕಿ ಮತ್ತೆ ಓದಿದವರು, ರೆಸರ್ಪೀನ್ ಖಿನ್ನತೆ ತರುತ್ತದೆ ಎಂಬ ಮಾತಿಗೆ ಪುರಾವೆ ಎರಡೂ ಕಡೆಗೆ ವಾಲುತ್ತದೆ ಎಂದರು. ನಂಟು ಸುಳ್ಳು ಎಂದು ಇದರ ಅರ್ಥವಲ್ಲ. ಒಂದೇ ಹಾರ್ಮೋನಿನ ಹೆಚ್ಚು ಕಡಿಮೆಯಲ್ಲಿ ಇಡೀ ಬೈಪೋಲಾರ್ ಕಾಯಿಲೆಯನ್ನು ಅಳೆದುಬಿಡಲು ಆಗದು ಎಂದಷ್ಟೇ ಅರ್ಥ.

ಅಷ್ಟರೊಳಗೆ ಮತ್ತೊಂದು ಕಡೆಯಿಂದ, ಮೂತ್ರಪಿಂಡದ ಕಡೆಯಿಂದ, ಅದೇ ನಂಟು ತಲೆಯೆತ್ತಿತ್ತು. ಮೂತ್ರಪಿಂಡ ರೆನಿನ್ ಎಂಬ ಒತ್ತಡ ಏರಿಸುವ ವಸ್ತುವನ್ನು ಸುರಿಸುತ್ತದೆಂದು ಸ್ಟಾಕ್‌ಹೋಮಿನ ಟಿಗರ್‌ಸ್ಟೆಡ್ ಮತ್ತು ಬೆರ್ಗ್‌ಮನ್ 1898ರಲ್ಲೇ ಕಂಡಿದ್ದರು. ರೆನಿನ್ನಿಂದ ಆಂಜಿಯೊಟೆನ್ಸಿನ್, ಆಂಜಿಯೊಟೆನ್ಸಿನ್ನಿಂದ ಆಲ್ಡೊಸ್ಟಿರೋನ್; ಆಂಜಿಯೊಟೆನ್ಸಿನ್ನಿನ ಬಲದಿಂದ ರಕ್ತನಾಳ ಬಿಗಿಯುತ್ತದೆ, ಕೊನೆಯದರ ಬಲದಿಂದ ದೇಹ ಉಪ್ಪನ್ನು ಹಿಡಿದಿಡುತ್ತದೆ. 1971ರಲ್ಲಿ ಡೆಟ್ಲೆಫ್ ಗಾಂಟನ್ ಮಿದುಳಿಗೆ ತನ್ನದೇ ರೆನಿನ್ ಇದೆ ಎಂದು ತೋರಿಸಿದರು. ಮೂತ್ರಪಿಂಡದ ಹಾರ್ಮೋನಿಗೆ ಮಿದುಳಿನಲ್ಲೇನು ಕೆಲಸ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ಈ ಸರಪಳಿಯನ್ನು ತುಂಡರಿಸುವ ಮೊದಲ ಮಾತ್ರೆ ಬಂದದ್ದು ಬ್ರೆಜಿಲಿನ ಜರರಾಕಾ ಎಂಬ ಮಂಡಲ ಜಾತಿಯ ಹಾವಿನ ವಿಷದ ಜಾಡು ಹಿಡಿದು. ಸೆರ್ಜಿಯೊ ಫೆರೇರಾ ವಿಷದಲ್ಲಿ ಕಂಡ ಗುಣವನ್ನು ಆಧರಿಸಿ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅದು ಬಳಕೆಗೆ ಬಂತು. ಮೂರೇ ವರ್ಷದಲ್ಲಿ, 1984ರಲ್ಲಿ, ಜುಬೆಂಕೊ ಮತ್ತು ನಿಕ್ಸನ್ ಎಂಬವರು ಬಿಪಿಗೆಂದು ಕ್ಯಾಪ್ಟೊಪ್ರಿಲ್ ಪಡೆದ ಖಿನ್ನ ರೋಗಿಗಳ ಮನಸ್ಸು ಮೇಲೆದ್ದುದನ್ನು ವರದಿ ಮಾಡಿದರು. ರೆಸರ್ಪೀನ್ ಒತ್ತಡ ಇಳಿಸಿ ಕೆಲವರ ಮನಸ್ಸನ್ನೂ ಇಳಿಸಿತ್ತು. ಇದು ಒತ್ತಡ ಇಳಿಸಿ ಮನಸ್ಸನ್ನು ಎತ್ತಿತು. ಅಂದರೆ ಮನಸ್ಸಿಗೆ ಲೆಕ್ಕಕ್ಕೆ ಬರುವುದು ಒತ್ತಡದ ಅಂಕಿಯಲ್ಲ, ಅದರ ಹಿಂದಿರುವ ಹಾರ್ಮೋನು. ನನ್ನ ಮಟ್ಟಿಗೆ ಈ ಕತೆಯ ಗಂಟು ಬಿಚ್ಚಿಕೊಳ್ಳುವುದು ಇಲ್ಲಿ.

ಕಂಪ್ಯೂಟರಿನ ಕಾಲದಲ್ಲಿ ಈ ಊಹೆಯನ್ನು ಲಕ್ಷಗಟ್ಟಲೆ ಮಂದಿಯ ಚೀಟಿಗಳಲ್ಲಿ ಹುಡುಕಲು ಸಾಧ್ಯವಾಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸಂದೋಶ್ ಪದ್ಮನಾಭನ್ ಅವರ ತಂಡ 1,44,066 ರೋಗಿಗಳ ದಾಖಲೆ ಜಾಲಾಡಿ 2016ರಲ್ಲಿ ಪ್ರಕಟಿಸಿತು: ಖಿನ್ನತೆ, ಬೈಪೋಲಾರ್ ಮುಂತಾದವಕ್ಕೆ ಆಸ್ಪತ್ರೆ ಸೇರುವವರು ಆಂಜಿಯೊಟೆನ್ಸಿನ್ ತಡೆಯುವ ಮಾತ್ರೆ ನುಂಗುವವರಲ್ಲಿ ಎಲ್ಲರಿಗಿಂತ ಕಡಿಮೆ; ಬೀಟಾ ಬ್ಲಾಕರ್ ಮತ್ತು ಕ್ಯಾಲ್ಸಿಯಂ ತಡೆಯುವ ಮಾತ್ರೆಯವರಲ್ಲಿ ಅದರ ಎರಡು ಪಟ್ಟು. ಡೆನ್ಮಾರ್ಕಿನಲ್ಲಿ ಲಾರ್ಸ್ ಕೆಸಿಂಗ್ ತಂಡ 2019ರಲ್ಲಿ ಇಡೀ ದೇಶದ ದಾಖಲೆ ನೋಡಿ, ಆಂಜಿಯೊಟೆನ್ಸಿನ್ ಮಾತ್ರೆಗಳನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಹೊಸದಾಗಿ ಬೈಪೋಲಾರ್ ಶುರುವಾಗುವುದು ಕಡಿಮೆ ಎಂದಿತು. ಮರುವರ್ಷ ಅದೇ ತಂಡ 41 ಬಿಪಿ ಔಷಧಿಗಳನ್ನು ಒಂದೊಂದಾಗಿ ನೋಡಿದಾಗ ಯಾವುದೂ ಖಿನ್ನತೆಯನ್ನು ಹೆಚ್ಚಿಸಲಿಲ್ಲ, ಒಂಬತ್ತು ತಗ್ಗಿಸಿದವು. ಆ ಒಂಬತ್ತರಲ್ಲಿ ಆಂಜಿಯೊಟೆನ್ಸಿನ್ ತಡೆಯುವ ಎನಾಲಾಪ್ರಿಲ್, ರಾಮಿಪ್ರಿಲ್ ಇವೆ. ಗ್ಲಾಸ್ಗೋದವರು ಅನುಮಾನಿಸಿದ್ದ ಗುಂಪಿನ ಆಮ್ಲೊಡಿಪಿನ್, ಪ್ರೊಪ್ರನಲಾಲ್ ಕೂಡ ಇವೆ. ಒಂದು ದಾಖಲೆ ಇನ್ನೊಂದಕ್ಕೆ ಸಾಕ್ಷಿ ಹೇಳಲಿಲ್ಲ. ಕ್ಯಾಲ್ಸಿಯಮ್ಮಿನ ಕಡೆಯಿಂದಲೂ ಒಂದು ಎಳೆ ಇದೆ: 2008ರಲ್ಲಿ ಬೈಪೋಲಾರ್ ಇರುವ 4,387 ಮಂದಿಯ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಎದ್ದುಕಂಡದ್ದರಲ್ಲಿ ಒಂದು, ಆಮ್ಲೊಡಿಪಿನ್ ಹೋಗಿ ಕೂರುವ ಅದೇ ಕ್ಯಾಲ್ಸಿಯಂ ದ್ವಾರದ ವಂಶವಾಹಿ.

ಚೀಟಿಗಳ ಲೆಕ್ಕ ನಂಟನ್ನು ತೋರಿಸೀತು, ಕಾರಣವನ್ನಲ್ಲ. ಕಾರಣ ತಿಳಿಯಲು ಮಾತ್ರೆಯನ್ನೂ ಹುಸಿ ಮಾತ್ರೆಯನ್ನೂ ಎದುರುಬದುರಿಟ್ಟು ನೋಡಬೇಕು. ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಬರ್ಕ್ ಅವರ ಬಳಗ ಬೈಪೋಲಾರಿನ ಖಿನ್ನತೆಗೆ ಕ್ಯಾಂಡೆಸಾರ್ಟನ್ ಎಂಬ ಬಿಪಿ ಮಾತ್ರೆ ಸೇರಿಸಿ 16 ವಾರಗಳ ಅಂಥ ಪರೀಕ್ಷೆಗೆ ಇಳಿದದ್ದು ಅದಕ್ಕೇ.

ಅಂಥ ಪರೀಕ್ಷೆಗಳ ಫಲಿತಾಂಶ ಏನೇ ಇರಲಿ, ಈಗಲೇ ನಮ್ಮ ಮನೆಗಳಿಗೆ ಬೇಕಾದ ಮಾತೊಂದು ಈ ಕತೆಯೊಳಗಿದೆ. ನಮ್ಮ ಜಿಲ್ಲೆಯಲ್ಲಿ ಬೈಪೋಲಾರ್ ಇರುವ ಅನೇಕರ ಮನೋವೈದ್ಯರು ಮಂಗಳೂರಿನಲ್ಲಿ. ಬಿಪಿ ನೋಡುವ ಡಾಕ್ಟರು ಊರಿನ ಆರೋಗ್ಯ ಕೇಂದ್ರದಲ್ಲಿ. ಎರಡು ಊರು, ಎರಡು ಫೈಲು. ಲಿಥಿಯಂ ತೆಗೆದುಕೊಳ್ಳುವವರಿಗೆ ಎನಾಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಥರದ ಮಾತ್ರೆ ಹೊಸದಾಗಿ ಸೇರಿದರೆ ಮೂತ್ರಪಿಂಡ ಲಿಥಿಯಮ್ಮನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ವೃದ್ಧರ ದಾಖಲೆ ನೋಡಿ 2004ರಲ್ಲಿ ಬರೆದ ವರದಿಯ ಪ್ರಕಾರ, ಪ್ರಿಲ್ ಗುಂಪಿನ ಮಾತ್ರೆ ಶುರುಮಾಡಿದ ತಿಂಗಳೊಳಗೆ ಲಿಥಿಯಂ ವಿಷವೇರಿ ಆಸ್ಪತ್ರೆ ಸೇರುವ ಅಪಾಯ ಏಳು ಪಟ್ಟಿಗೂ ಹೆಚ್ಚು. ಮೂತ್ರ ಹೆಚ್ಚಿಸುವ ಮಾತ್ರೆಗಳೂ ಹೀಗೆಯೇ. ಹೆಸರಿನ ಕೊನೆಗೆ ‘ಎಚ್’ ಇರುವ ಜೋಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಅದು ಅಡಗಿರುತ್ತದೆ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ಕೂಡ ಸಾಧು ಅಲ್ಲ.

ಉಪ್ಪೂ ಹಾಗೆಯೇ. ನಮ್ಮ ಅಡುಗೆಮನೆಯಲ್ಲಿ ಗಂಜಿಗೆ ಮಿಡಿ ಉಪ್ಪಿನಕಾಯಿ ಇದೆ; ಮಳೆಗಾಲಕ್ಕೆ ಭರಣಿಯಲ್ಲಿ ಉಪ್ಪುಸೊಳೆ ಇದೆ. ಬಿಪಿ ಬಂದಾಗ ಇವನ್ನು ಕಡಿಮೆ ಮಾಡಲೇಬೇಕು. ಆದರೆ ಲಿಥಿಯಂ ನುಂಗುವವರು ಉಪ್ಪನ್ನು ಒಮ್ಮೆಲೇ ಬಿಟ್ಟರೆ ಆಗುವುದು 1949ರ ಅಮೆರಿಕದಲ್ಲಿ ಆದದ್ದೇ. ವಾಂತಿ ಭೇದಿಯಾಗಿ, ಬಿಸಿಲಿನಲ್ಲಿ ಬೆವರಿ ನೀರೂ ಉಪ್ಪೂ ಹೋದರೂ ಅದೇ. ಬೇರಿನ ಕತೆ ಓದಿ ಸರ್ಪಗಂಧ ಅರೆದು ಕುಡಿಯಲು ಹೊರಡುವವರಿಗೂ ಹೇಳುತ್ತೇನೆ: ಗಿಡದಿಂದ ಗಿಡಕ್ಕೆ ಅದರ ಸತ್ವದ ಪ್ರಮಾಣ ಬೇರೆ, ಖಿನ್ನತೆ ಇದ್ದವರು ಅದರ ಹತ್ತಿರ ಹೋಗಬಾರದು.

ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಊರಿನ ಫೈಲನ್ನು ಮಂಗಳೂರಿಗೆ, ಮಂಗಳೂರಿನ ಚೀಟಿಯನ್ನು ಊರಿಗೆ ಕೊಂಡೊಯ್ದು ಇಬ್ಬರು ಡಾಕ್ಟರಿಗೂ ತೋರಿಸಬೇಕು. ಹೊಸ ಬಿಪಿ ಮಾತ್ರೆ ಸೇರಿದಾಗ ರಕ್ತದಲ್ಲಿನ ಲಿಥಿಯಂ ಮಟ್ಟ ನೋಡಿಸಬೇಕು. ಸಾಮಾನ್ಯವಾಗಿ ಅದು 0.6ರಿಂದ 1.0ರ ಒಳಗಿರಬೇಕು, 1.5 ದಾಟಿದರೆ ಅಪಾಯ. ಕೈ ಒರಟಾಗಿ ನಡುಗುವುದು, ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಕುಡಿದಂತಿದ್ದಾನೆ ಎಂದು ಬೈಯದೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ.